ಮನೆಯಲ್ಲೇ ಡ್ರೀಮ್ ಕ್ಯಾಚರ್ ಮಾಡ್ಕೊಳ್ಳೋದು ಹೇಗೆ: ಒಂದು ರಿಂಗು, ಎರಡು ಮಾರು ದಾರ

ಡ್ರೀಮ್ ಕ್ಯಾಚರ್ ಅಂದ್ರೆ ಈಗ ಎಲ್ಲರಿಗೂ ಗೊತ್ತು, ಕಾರಲ್ಲಿ, ಹಾಸ್ಟೆಲ್ ರೂಮಲ್ಲಿ, ಜಾತ್ರೆ ಅಂಗಡೀಲಿ ಎಲ್ಲಾ ಕಡೆ ನೇತಾಡ್ತಿರುತ್ತೆ, ಬಳೆ ಥರದ ಒಂದು ರಿಂಗು, ಒಳಗೆ ಬಲೆ, ಕೆಳಗೆ ಎರಡ್ಮೂರು ಗರಿ. ನಾನೂ ಮೊದಲು ಒಂದನ್ನ ಆನ್‌ಲೈನಲ್ಲಿ ತರಿಸಿದ್ದೆ, ನೋಡಕ್ಕೆ ಚೆನ್ನಾಗೇ ಇತ್ತು, ಆದ್ರೆ ಬೇಸಿಗೆ ಬರ್ತಿದ್ದ ಹಾಗೆ ಬಲೆ ಒಂದು ಕಡೆಯಿಂದ ಕಿತ್ಕೊಂಡು ಜೋತು ಬಿತ್ತು. ಹತ್ರದಿಂದ ನೋಡಿದ್ರೆ ಒಂದು ಗಂಟೂ ಹಾಕಿರ್ಲಿಲ್ಲ, ಎಲ್ಲಾ ಬರೀ ಅಂಟಲ್ಲಿ ಅಂಟಿಸಿದ್ದು. ಅದನ್ನ ಪೂರ್ತಿ ಬಿಚ್ಚಿ ದಾರ ಸುತ್ತಿಟ್ಟು ನಾನೇ ಕಟ್ತೀನಿ ಅಂತ ಕೂತೆ, ಆವತ್ತಿಂದ ಇವತ್ತಿನವರೆಗೆ ಇಪ್ಪತ್ತಕ್ಕಿಂತ ಜಾಸ್ತಿ ಕಟ್ಟಿದೀನಿ, ಅಕ್ಕನ ಮಗಳಿಗೆ, ಅವಳ ಫ್ರೆಂಡ್ಸಿಗೆ, ಆಸ್ಪತ್ರೇಲಿದ್ದ ಒಬ್ಬರು ಅಜ್ಜಿಗೆ ಕೂಡ. ಕಲಿಯೋವಾಗ ಎಲ್ಲೆಲ್ಲಿ ತಪ್ಪುತ್ತೆ ಅಂತ ಈಗ ಕೈಗೇ ಗೊತ್ತಾಗಿದೆ, ಅದನ್ನೆಲ್ಲ ಇಲ್ಲಿ ಬರೀತಿದೀನಿ.

ಶುರು ಮಾಡೋಕೆ ಮುಂಚೆ ಇದು ಯಾರದ್ದು ಅನ್ನೋದನ್ನ ಒಂದು ಸಲ ತಿಳ್ಕೊಂಡುಬಿಡಿ, ಯಾಕಂದ್ರೆ ಅದು ಗೊತ್ತಾದ್ರೆ ಕಟ್ಟೋ ರೀತೀನೇ ಬದಲಾಗುತ್ತೆ, ನನಗಂತೂ ಬದಲಾಯ್ತು.

ಇದು ಉತ್ತರ ಅಮೆರಿಕದ ಒಜಿಬ್ವೆ ಜನರದ್ದು. ಗ್ರೇಟ್ ಲೇಕ್ಸ್ ಅಂತಾರಲ್ಲ ಆ ದೊಡ್ಡ ದೊಡ್ಡ ಸರೋವರಗಳು, ಅದರ ಸುತ್ತಮುತ್ತ, ಅಂದ್ರೆ ಈಗಿನ ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಮತ್ತೆ ಕೆನಡಾದ ಒಂಟಾರಿಯೋ ಕಡೆ ಇರೋ ಮೂಲನಿವಾಸಿಗಳು. ಅವರಲ್ಲಿ ಅಸಿಬಿಕಾಶಿ ಅಂತ ಒಬ್ಬಳು ಜೇಡತಾಯಿ ಇದ್ದಾಳೆ, ಮಕ್ಕಳನ್ನ ಕಾಯೋಳು. ಜನ ಬೆಳೆದು ನಾಲ್ಕು ದಿಕ್ಕಿಗೆ ಹರಡಿಕೊಂಡಾಗ ಅವಳೊಬ್ಬಳಿಂದ ಎಲ್ಲಾ ತೊಟ್ಟಿಲ ಹತ್ರ ಹೋಗೋಕೆ ಆಗ್ಲಿಲ್ಲ, ಅದಕ್ಕೆ ಅಮ್ಮಂದಿರು ಅಜ್ಜಿಯಂದಿರೇ ವಿಲ್ಲೋ ಮರದ ಎಳೆ ಕಡ್ಡಿ ಬಗ್ಗಿಸಿ ಅದರೊಳಗೆ ಜೇಡರ ಬಲೆ ಥರಾನೇ ಕಟ್ಟಿ ಮಗು ಮಲಗೋ ಕಡೆ ತೂಗು ಹಾಕೋಕೆ ಶುರು ಮಾಡಿದ್ರು ಅಂತ ಕಥೆ. ಕೆಟ್ಟ ಕನಸು ಬಲೇಲಿ ಸಿಕ್ಕಿಹಾಕ್ಕೊಂಡು ಬೆಳಗಿನ ಬಿಸಿಲಿಗೆ ಸುಟ್ಟುಹೋಗುತ್ತೆ, ಒಳ್ಳೆ ಕನಸು ದಾರಿ ಮಾಡ್ಕೊಂಡು ಮಗು ಹತ್ರ ಇಳಿಯುತ್ತೆ. ಪಕ್ಕದ ಲಕೋಟ ಜನರಲ್ಲಿ ಇದೇ ಕಥೆ ಉಲ್ಟಾ ಇದೆ, ಅವರಲ್ಲಿ ಒಳ್ಳೇದು ಬಲೇಲಿ ಉಳಿಯುತ್ತೆ, ಕೆಟ್ಟದ್ದು ನಡುವಿನ ತೂತಿನಿಂದ ಹೊರಗೆ ಹೋಗುತ್ತೆ.

ಫ್ರಾನ್ಸಿಸ್ ಡೆನ್ಸ್‌ಮೋರ್ ಅನ್ನೋ ಸಂಶೋಧಕಿ ಒಜಿಬ್ವೆ ಜನರ ಜೊತೆ ತಿರುಗಾಡಿ ಅವರ ಹಾಡು, ಆಚಾರ ಎಲ್ಲ ಬರೆದಿಟ್ಟೋರು. 1929ರಲ್ಲಿ ಅಚ್ಚಾದ ಅವರ ಬರವಣಿಗೆಯಲ್ಲಿ ಇದರ ಅಳತೆ ಕೂಡ ಇದೆ, ಬರೀ ಮೂರೂವರೆ ಇಂಚಿನ ಮರದ ರಿಂಗು, ಒಳಗೆ ತೆಳ್ಳಗಿನ ದಾರದ ಬಲೆ, ದಾರಕ್ಕೆ ಸಾಮಾನ್ಯವಾಗಿ ಕೆಂಪು ಬಣ್ಣ, ಅದಕ್ಕೂ ಹಿಂದೆ ತುರಚೆ ಜಾತಿಯ ಗಿಡದ ನಾರಲ್ಲಿ ಕಟ್ತಿದ್ರಂತೆ. ಮಗೂನ ಹಲಗೆ ತೊಟ್ಟಿಲಲ್ಲಿ ಕಟ್ಟಿ ಬೆನ್ನ ಮೇಲೆ ಹೊತ್ಕೊಂಡು ಹೋಗ್ತಿದ್ರು, ಆ ತೊಟ್ಟಿಲಿನ ತಲೆ ಕಡೆ ಬಗ್ಗಿಸಿದ ಕಮಾನು ಇರುತ್ತಲ್ಲ ಅದಕ್ಕೆ ಇಂಥ ಎರಡು ಬಲೆ ನೇತು ಹಾಕೋರು. ಗಾಳೀಲಿ ಬರೋ ಕೆಡುಕನ್ನ ಹಿಡಿಯೋಕೆ ಅಂತ. ಓದಿದಾಗ ನನಗೆ ಮೈ ಜುಂ ಅಂತು, ಅಂಗೈ ಅಗಲದ್ದು, ಒಂದು ಮಗೂಗೋಸ್ಕರ, ಕೈಯಲ್ಲಿ ಕಟ್ಟಿದ್ದು. ನಮ್ಮನೇಲೂ ತೊಟ್ಟಿಲಿಗೆ ಏನಾದ್ರೂ ಕಟ್ಟದೆ ಮಗೂನ ಮಲಗಿಸಲ್ವಲ್ಲ.

ಅದಕ್ಕೇ ನಾನು ಹೇಳೋದು ಇಷ್ಟೇ, ಎರಡಡಿ ಮೂರಡಿದು ಗೋಡೆಗೆ ಅಂತ ಮಾಡೋಕೆ ಹೋಗ್ಬೇಡಿ. ಚಿಕ್ಕದು ಮಾಡಿ, ಇಂಥವರಿಗೆ ಅಂತ ಮನಸ್ಸಲ್ಲಿಟ್ಕೊಂಡು ಮಾಡಿ. ಕಲಿಯೋಕೂ ಚಿಕ್ಕದೇ ಸುಲಭ, ದಾರದ ಬಿಗಿ ಕೈಗೆ ಸಿಗುತ್ತೆ. ತೀರಾ ಮೂರೂವರೆ ಇಂಚು ಹೊಸಬರ ಬೆರಳಿಗೆ ಇಕ್ಕಟ್ಟಾಗುತ್ತೆ, ನಾನಿಲ್ಲಿ ಆರು ಇಂಚಿನದ್ದಕ್ಕೆ ಅಳತೆ ಕೊಡ್ತೀನಿ.

ಏನೇನು ಬೇಕು

ಆರು ಇಂಚಿನ ಒಂದು ರಿಂಗು. ಮ್ಯಾಕ್ರಮೆ (ದಾರಕ್ಕೆ ಗಂಟು ಹಾಕಿ ಮಾಡೋ ಕರಕುಶಲ) ಸಾಮಾನು ಮಾರೋ ಅಂಗಡೀಲಿ ಕಬ್ಬಿಣದ ರಿಂಗು ಸಿಗುತ್ತೆ, ಮೂರು ಮಿಲಿಮೀಟರ್ ದಪ್ಪ ಇರೋದು ತಗೊಳ್ಳಿ, ಇನ್ನೂ ತೆಳ್ಳಗಿಂದು ತಗೊಂಡ್ರೆ ದಾರ ಎಳೆದಾಗ ಮೊಟ್ಟೆ ಆಕಾರ ಆಗುತ್ತೆ. ಬೆಸುಗೆ ಹಾಕಿದ ಜಾಗದಲ್ಲಿ ಬೆರಳಾಡಿಸಿ ನೋಡಿ, ಚೂಪಾಗಿದ್ರೆ ಉಪ್ಪು ಕಾಗದದಲ್ಲಿ ಉಜ್ಜಿ, ಇಲ್ಲಾಂದ್ರೆ ಸುತ್ತಿದ ದಾರ ಅಲ್ಲೇ ಕತ್ತರಿಸುತ್ತೆ. ಕಸೂತಿ ಹಾಕೋ ಮರದ ರಿಂಗಿನ ಒಳಗಿನ ಭಾಗಾನೂ ಆಗುತ್ತೆ. ಹಳೇ ಲೋಹದ ಬಳೆ ಇದ್ರೆ ಪ್ರಾಕ್ಟೀಸಿಗೆ ಬಳಸಿ, ಪ್ಲಾಸ್ಟಿಕ್ ಬಳೆ ಬೇಡ, ಬಗ್ಗುತ್ತೆ.

ಕಡ್ಡೀಲೇ ಮಾಡ್ಬೇಕು ಅಂತ ಆಸೆ ಇದ್ರೆ ವಿಲ್ಲೋ ನಮ್ಮ ಕಡೆ ಸುಲಭಕ್ಕೆ ಸಿಗಲ್ಲ, ಆದ್ರೆ ಲಂಟಾನ ಸಿಗುತ್ತಲ್ಲ, ಬೇಲಿ ತುಂಬಾ. ಅದೂ ಅಮೆರಿಕ ಖಂಡದಿಂದಲೇ ಬಂದು ನಮ್ಮ ಕಾಡೆಲ್ಲ ತುಂಬ್ಕೊಂಡಿರೋ ಗಿಡ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನ ಕಡ್ಡಿ ಬೇಯಿಸಿ, ಸಿಪ್ಪೆ ತೆಗೆದು, ಬಗ್ಗಿಸಿ ಕುರ್ಚಿ ಮೇಜೆಲ್ಲ ಮಾಡ್ತಾರೆ, ಬೆತ್ತದ ಕೆಲಸಕ್ಕೆ ಏನೂ ಕಮ್ಮಿ ಇರಲ್ಲ. ನಾವೂ ಹಾಗೇ ಮಾಡೋದು: ಪೆನ್ಸಿಲಿಗಿಂತ ಸಣ್ಣಗಿರೋ, ಗೆಣ್ಣು ಕಮ್ಮಿ ಇರೋ ಹಸಿ ಕಡ್ಡಿ ಎರಡಡಿ ಕತ್ತರಿಸ್ಕೊಳ್ಳಿ, ಮುಳ್ಳಿರುತ್ತೆ ಕೈಗೆ ಬಟ್ಟೆ ಸುತ್ಕೊಳ್ಳಿ, ಅಗಲದ ಪಾತ್ರೇಲಿ ನೀರು ಕುದಿಸಿ ಅದರಲ್ಲಿ ಅರ್ಧ ಗಂಟೆ ಬಿಟ್ಟು ಸಿಪ್ಪೆ ಸುಲಿದು ಬಿಸಿ ಇರುವಾಗಲೇ ಒಂದು ಡಬ್ಬದ ಸುತ್ತ ಬಗ್ಗಿಸಿ, ತುದಿ ಎರಡೂ ನಾಲ್ಕು ಬೆರಳಷ್ಟು ಒಂದರ ಮೇಲೊಂದು ಬರೋ ಹಾಗೆ ದಾರ ಕಟ್ಟಿ ಇಡಿ. ದ್ರಾಕ್ಷಿ ಬಳ್ಳಿ ಇದ್ರೆ ಇನ್ನೂ ಸುಲಭ, ವಿಜಯಪುರ ಕಡೆ ತೋಟಗಳಲ್ಲಿ ಏಪ್ರಿಲ್ಲಲ್ಲಿ ಅಕ್ಟೋಬರಲ್ಲಿ ಚಾಟ್ನಿ (ಬಳ್ಳಿ ಸವರೋದು) ಮಾಡುವಾಗ ರಾಶಿ ರಾಶಿ ಬಳ್ಳಿ ಕತ್ತರಿಸಿ ಹಾಕಿರ್ತಾರೆ, ಹಸಿಯಾಗಿರುವಾಗ ಬೇಯಿಸದೇ ಬಗ್ಗುತ್ತೆ. ಯಾವುದೇ ಕಡ್ಡಿ ಆಗ್ಲಿ ಒಂದು ವಾರ ನೆರಳಲ್ಲಿ ಪೂರ್ತಿ ಒಣಗೋವರೆಗೂ ಬಲೆ ಕಟ್ಬೇಡಿ. ನಾನು ತಡೀಲಾರದೆ ಮೂರನೇ ದಿನಕ್ಕೇ ಕಟ್ಟಿದ್ದೆ, ಕಡ್ಡಿ ಒಣಗ್ತಾ ಒಣಗ್ತಾ ಕುಗ್ಗಿ ಅಷ್ಟು ಚೆಂದದ ಬಲೆ ಹಳೇ ಮಂಚದ ನವಾರಿನ ಥರ ಸಡಿಲ ಆಗೋಯ್ತು.

ಬಲೆಗೆ ಒಂದು ಮಿಲಿಮೀಟರ್ ದಪ್ಪದ ಮೇಣ ಹಚ್ಚಿದ ಕಾಟನ್ ದಾರ ಎಲ್ಲಕ್ಕಿಂತ ಒಳ್ಳೇದು, ಮಣಿ ಸರ ಪೋಣಿಸೋಕೆ ಬಳಸ್ತಾರಲ್ಲ ಅದು. ಮೇಣ ಇರೋದ್ರಿಂದ ಹಾಕಿದ ಗಂಟು ಹಾಕಿದಲ್ಲೇ ಕೂರುತ್ತೆ, ಜಾರಲ್ಲ. ಅದು ಸಿಗದಿದ್ರೆ ಚಪ್ಪಲಿ ಹೊಲಿಯೋ ದಾರ ಕೇಳಿ ತಗೊಳ್ಳಿ, ಅದೂ ಇಲ್ಲಾಂದ್ರೆ ಕ್ರೋಶಾ ದಾರಕ್ಕೆ ಮೇಣದಬತ್ತಿ ಎರಡು ಸಲ ಎಳೆದು ನೀವೇ ಮಾಡ್ಕೊಳ್ಳಿ. ಬಲೆಗೆ ಉಲ್ಲನ್ ಮಾತ್ರ ಬೇಡ, ಎಳೆದಷ್ಟೂ ಹಿಗ್ಗುತ್ತೆ, ಒಂದು ವಾರ ಬಿಟ್ಟು ನೋಡಿದ್ರೆ ಜೋಳಿಗೆ ಆಗಿರುತ್ತೆ. ಹೂ ಕಟ್ಟೋ ದಾರ ತೀರಾ ತೆಳ್ಳಗೆ, ಎಳೆಯೋವಾಗ ಪಟ್ ಅಂತ ಕಿತ್ತೋಗುತ್ತೆ.

ಎಷ್ಟು ದಾರ ಬೇಕು ಅಂದ್ರೆ ಆರು ಇಂಚಿನ ರಿಂಗಿಗೆ ಎರಡು ಮಾರು, ಅಂದ್ರೆ ಹೆಚ್ಚುಕಮ್ಮಿ ಮೂರೂವರೆ ಮೀಟರು. ಎರಡೂ ಕೈ ಚಾಚಿ ಎರಡು ಸಲ ಅಳೆದ್ರೆ ಆಯ್ತು.

ಇಷ್ಟಲ್ಲದೆ ರಿಂಗಿಗೆ ಸುತ್ತೋಕೆ ಸ್ವೇಡ್ ಲೇಸು (ಮೆತ್ತಗಿನ ಚರ್ಮದ ಥರದ ಸಣ್ಣ ಪಟ್ಟಿ) ಎರಡೂವರೆ ಮೀಟರು, ಅಥವಾ ಉಲ್ಲನ್ ನಾಲ್ಕು ಮೀಟರು (ಸುತ್ತೋಕೆ ಉಲ್ಲನ್ ಪರವಾಗಿಲ್ಲ). ನನಗೆ ಇಷ್ಟ ಆಗೋದು ಅಮ್ಮನ ಹಳೇ ಕಾಟನ್ ಸೀರೆಯಿಂದ ಒಂದು ಬೆರಳಗಲ ಹರಿದ ಪಟ್ಟಿ, ಅದು ಮೆತ್ತಗೆ ಚೆನ್ನಾಗಿ ಕೂರುತ್ತೆ, ಬಣ್ಣಾನೂ ಕಣ್ಣಿಗೆ ಹಿತ. ಆಮೇಲೆ ಒಂದಷ್ಟು ಮಣಿ, ಮರದ್ದಾದ್ರೆ ಒಳ್ಳೇದು, ತೂತು ದೊಡ್ಡದಿರ್ಲಿ. ಗರಿ ಮೂರರಿಂದ ಐದು. ಕತ್ತರಿ, ಫೆವಿಕಾಲು, ನೇಲ್ ಪಾಲಿಶ್, ಮೂರ್ನಾಲ್ಕು ಬಟ್ಟೆ ಕ್ಲಿಪ್ಪು, ಅಳತೆ ಟೇಪು.

ರಿಂಗು ಸುತ್ತೋದು

ಲೇಸಿನ ಒಂದು ತುದಿಗೆ ಫೆವಿಕಾಲ್ ಚೂರು ಹಚ್ಚಿ ರಿಂಗಿಗೆ ಒತ್ತಿ ಕ್ಲಿಪ್ ಹಾಕಿ ಐದು ನಿಮಿಷ ಬಿಡಿ. ಆಮೇಲೆ ಒಂದು ಸುತ್ತಿನ ಪಕ್ಕ ಇನ್ನೊಂದು ಸುತ್ತು ಒತ್ತೊತ್ತಾಗಿ ಬರೋ ಹಾಗೆ ಸುತ್ತುತ್ತಾ ಹೋಗಿ, ಪ್ರತಿ ಹತ್ತು ಸುತ್ತಿಗೊಂದು ಸಲ ಬೆರಳುಗುರಲ್ಲಿ ಹಿಂದಕ್ಕೆ ತಳ್ಳಿ ಬಿಗಿ ಮಾಡ್ಕೊಳ್ಳಿ. ಲೇಸು ತಿರುಚಿಕೊಳ್ಳದ ಹಾಗೆ ನೋಡ್ಕೊಳ್ಳಿ. ಕೊನೆಗೆ ಬಂದಾಗ ಅಂಟು ಹಚ್ಚಿ ಮತ್ತೆ ಕ್ಲಿಪ್ಪು. ಈ ಜೋಡಣೆ ಇರೋ ಜಾಗವೇ ಮೇಲ್ಭಾಗ ಅಂತಿಟ್ಕೊಳ್ಳಿ, ಅಲ್ಲೇ ಒಂದು ಗೇಣು ದಾರ ಮಡಚಿ ನೇತು ಹಾಕೋ ಕುಣಿಕೆ ಕಟ್ಟಿಬಿಡಿ, ಜೋಡಣೆಯೂ ಮುಚ್ಚಿಹೋಗುತ್ತೆ. ಅಂಟು ಒಣಗೋವರೆಗೆ, ಒಂದು ಗಂಟೆನಾದ್ರೂ, ಬಿಟ್ಟುಬಿಡಿ. ಕಡ್ಡಿಯ ರಿಂಗಾದ್ರೆ ಪೂರ್ತಿ ಸುತ್ತೋದೇ ಬೇಡ, ಎರಡು ತುದಿ ಸೇರಿರೋ ಕಡೆ ಮಾತ್ರ ಸುತ್ತಿ, ಕಡ್ಡಿ ಕಾಣ್ತಿದ್ರೇ ಚೆಂದ.

ಬಲೆ

ಇದೇ ಮುಖ್ಯ ಕೆಲಸ, ನಿಧಾನಕ್ಕೆ ಓದಿ.

ಮೊದಲು ಗುರುತು ಹಾಕ್ಬೇಕು. ಎಂಟು ಕಡೆ ದಾರ ರಿಂಗಿಗೆ ಹಿಡ್ಕೊಳ್ಳುತ್ತೆ, ಜೇಡಕ್ಕೆ ಎಂಟು ಕಾಲು ಅದಕ್ಕೇ ಎಂಟು ಅಂತ ಹೇಳೋರಿದ್ದಾರೆ. ಎಲ್ಲರೂ ಮಾಡೋ ತಪ್ಪು ಏನಂದ್ರೆ ರಿಂಗನ್ನ ಎಂಟು ಸಮ ಭಾಗ ಮಾಡಿ ಗುರುತು ಹಾಕೋದು. ಹಾಗೆ ಮಾಡಿದ್ರೆ ಮೊದಲನೇ ಸುತ್ತಿಂದ ಎರಡನೇ ಸುತ್ತಿಗೆ ಇಳಿಯೋ ಜಾಗದಲ್ಲಿ ಒಂದು ದೊಡ್ಡ ತೂತು ಉಳ್ಕೊಳ್ಳುತ್ತೆ, ಬಲೆ ಆ ಕಡೆಗೇ ವಾಲುತ್ತೆ, ನಾನು ನಾಲ್ಕೈದು ಹೀಗೇ ಮಾಡಿದ್ಮೇಲೆ ಗೊತ್ತಾಗಿದ್ದು. ಸರಿಯಾದ ಲೆಕ್ಕ ಏನಂದ್ರೆ, ಏಳು ಗ್ಯಾಪು ಪೂರ್ತಿ, ಕೊನೇ ಗ್ಯಾಪು ಅರ್ಧ. ಅಂದ್ರೆ ಸುತ್ತಿ ಆದ ರಿಂಗಿನ ಸುತ್ತಳತೆ ಟೇಪಲ್ಲಿ ನೋಡಿ ಏಳೂವರೆಯಿಂದ ಭಾಗಿಸಿ. ಆರು ಇಂಚಿನ ರಿಂಗು ಲೇಸು ಸುತ್ತಿದ್ಮೇಲೆ ಸುಮಾರು 48 ಸೆಂಟಿಮೀಟರ್ ಬರುತ್ತೆ, ಭಾಗಿಸಿದ್ರೆ 6.4. ಹಾಗಾಗಿ ಮೇಲಿನ ಕುಣಿಕೆ ಹತ್ರ ಒಂದನೇ ಗುರುತು, ಅಲ್ಲಿಂದ 6.4 ಸೆಂಟಿಮೀಟರಿಗೆ ಒಂದೊಂದು ಗುರುತು ಏಳು ಸಲ, ಕೊನೇದಕ್ಕೂ ಮೊದಲನೇದಕ್ಕೂ ನಡುವೆ 3.2 ಉಳಿಯುತ್ತೆ. ಪೆನ್ಸಿಲ್ಲಲ್ಲಿ ಹಿಂಭಾಗದಲ್ಲಿ ಗುರುತು ಮಾಡಿ.

ದಾರದ ಒಂದು ತುದೀನ ಮೂರು ಸೆಂಟಿಮೀಟರಷ್ಟು ನೇಲ್ ಪಾಲಿಶಲ್ಲಿ ಅದ್ದಿ ಒಣಗಿಸಿ, ಶೂ ಲೇಸಿನ ತುದಿ ಥರ ಗಟ್ಟಿ ಆಗುತ್ತೆ, ಸೂಜೀನೇ ಬೇಡ. ಸೂಜಿ ಬೇಕು ಅನ್ನೋರು ಮೊಂಡು ತುದಿಯ ಉಲ್ಲನ್ ಸೂಜಿ ಬಳಸಿ, ಚೂಪು ದಬ್ಬಳ ತಗೊಂಡ್ರೆ ದಾರದ ಎಳೆ ಸೀಳ್ಕೊಂಡು ಹೋಗುತ್ತೆ.

ಇನ್ನೊಂದು ತುದೀನ ಒಂದನೇ ಗುರುತಿಗೆ ಎರಡು ಗಂಟು ಹಾಕಿ ಕಟ್ಟಿ. ರಿಂಗನ್ನ ಎಡಗೈಯಲ್ಲಿ ಹಿಡ್ಕೊಳ್ಳಿ. ದಾರನ ಎರಡನೇ ಗುರುತಿಗೆ ತಗೊಂಡು ಹೋಗಿ, ಮುಂದಿಂದ ರಿಂಗಿನ ಮೇಲೆ ಹಾಯಿಸಿ ಹಿಂದಕ್ಕೆ ಬಿಡಿ. ಈಗ ಒಂದನೇ ಗುರುತಿಂದ ಎರಡನೇ ಗುರುತಿಗೆ ದಾರ ಬಂದಿದೆಯಲ್ಲ, ಆ ದಾರಕ್ಕೂ ರಿಂಗಿಗೂ ನಡುವೆ ಒಂದು ಸಣ್ಣ ಕಿಟಕಿ ಆಗಿರುತ್ತೆ, ಬಿಲ್ಲು ಮತ್ತೆ ಅದರ ಹೆದೆ ಥರ. ಹಿಂದೆ ಹೋದ ತುದೀನ ಆ ಕಿಟಕಿಯೊಳಗಿಂದ ಮುಂದಕ್ಕೆ ತನ್ನಿ, ತಂದು ಆ ದಾರದ ಮೇಲಿಂದ ರಿಂಗಿನ ಒಳಗಡೆಗೆ ಎಳೀರಿ. ದಾರ ತನ್ನನ್ನ ತಾನೇ ಹಿಡ್ಕೊಳ್ಳುತ್ತೆ. ಅಷ್ಟೇ ಗಂಟು. ಇಡೀ ಡ್ರೀಮ್ ಕ್ಯಾಚರಲ್ಲಿ ಇರೋದು ಇದೊಂದೇ ಗಂಟು, ಇದನ್ನೇ ಎಂಬತ್ತು ಸಲ ಹಾಕೋದು.

ನಾನು ಮೊದಲ ಸಲ ಇದನ್ನ ಒದ್ದಾಡ್ತಾ ಹಾಕ್ತಿದ್ದಾಗ ಅಮ್ಮ ಮಲ್ಲಿಗೆ ಬುಟ್ಟಿ ಇಟ್ಕೊಂಡು ಪಕ್ಕದಲ್ಲೇ ಕೂತಿದ್ರು, ಸ್ವಲ್ಪ ಹೊತ್ತು ನೋಡಿ "ಇದರಲ್ಲೇನಿದೆಯೇ, ಹೂ ಕಟ್ಟೋ ಹಾಗೇ ಅಲ್ವಾ, ಕುಣಿಕೆ ಹಾಕಿ ಎಳೆಯೋದು" ಅಂದ್ರು. ನಿಜಾನೇ, ಹೂ ಕಟ್ಟೋವಾಗ ಬೆರಳಲ್ಲಿ ದಾರ ತಿರುಗಿಸಿ ತೊಟ್ಟಿನ ಮೇಲೆ ಜಾರಿಸ್ತೀವಲ್ಲ, ಅದೂ ಇದೇ ಜಾತಿ ಕುಣಿಕೆ, ಇಲ್ಲಿ ತೊಟ್ಟಿನ ಬದಲು ರಿಂಗು, ಮತ್ತೆ ದಾರದ ತುದೀನ ಪೂರ್ತಿ ಒಳಗಿಂದ ಎಳ್ಕೋಬೇಕು. ಹೂ ಕಟ್ಟೋಕೆ ಬರೋರಿಗೆ ಇದು ಹತ್ತು ನಿಮಿಷದಲ್ಲಿ ಬರುತ್ತೆ, ನಿಮ್ಮನೇಲಿ ಅಮ್ಮ ಅಜ್ಜಿ ಯಾರಾದ್ರೂ ಇದ್ರೆ ಜೊತೇಲಿ ಕೂರಿಸ್ಕೊಳ್ಳಿ, ಅವರ ಕೈ ಬಿಗಿ ನಮಗೆ ಬರಲ್ಲ.

ಹೀಗೇ ಎಂಟನೇ ಗುರುತಿನವರೆಗೆ ಹೋಗಿ. ಮೊದಲನೇ ಸುತ್ತಲ್ಲಿ ದಾರ ನೆಟ್ಟಗಿರ್ಬೇಕು, ಆದ್ರೆ ವೀಣೆ ತಂತಿ ಥರ ಬಿಗೀಬಾರದು. ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ಬಗ್ಗಿ ಬಿಟ್ಟ ತಕ್ಷಣ ವಾಪಸ್ ಬರೋಷ್ಟು. ಯಾಕಂದ್ರೆ ಮುಂದಿನ ಸುತ್ತು ಇದನ್ನ ಒಳಗೆ ಎಳೆದ್ರೇನೇ ಆ ಹೂವಿನ ಎಸಳಿನ ಆಕಾರ ಬರೋದು, ಮೊದಲೇ ಬಿಗಿದುಬಿಟ್ರೆ ಎಳೆಯೋಕೆ ಜಾಗವೇ ಇರಲ್ಲ, ಬರೀ ಗೆರೆ ಗೆರೆ ಕಾಣುತ್ತೆ. ಎದ್ದು ಹೋಗೋ ಕೆಲಸ ಬಂದ್ರೆ ಕೊನೇ ಗಂಟಿನ ಮೇಲೆ ಬಟ್ಟೆ ಕ್ಲಿಪ್ ಹಾಕಿ ಹೋಗಿ, ಇಲ್ಲಾಂದ್ರೆ ಬರೋವಷ್ಟರಲ್ಲಿ ಎಲ್ಲಾ ಸಡಿಲ.

ಎಂಟನೇ ಗುರುತಿಂದ ದಾರನ ಒಂದನೇ ಗುರುತಿಗೆ ಕಟ್ಟೋಕೆ ಹೋಗ್ಬೇಡಿ. ಅದನ್ನ ದಾಟಿ, ಒಂದು ಮತ್ತೆ ಎರಡರ ನಡುವೆ ಮೊದಲು ಎಳೆದ ದಾರ ಇದೆಯಲ್ಲ, ಅದರ ಸರಿಯಾಗಿ ಮಧ್ಯಕ್ಕೆ ಹೋಗಿ. ಇನ್ನು ಮೇಲೆ ರಿಂಗಿನ ಕೆಲಸ ಇಲ್ಲ, ದಾರಕ್ಕೇ ದಾರ ಕಟ್ಟೋದು. ತುದೀನ ಆ ದಾರದ ಮೇಲಿಂದ ಕಿಟಕಿಯೊಳಕ್ಕೆ ಇಳಿಸಿ, ದಾರದ ಹಿಂದಿಂದ ಒಳಗಡೆಗೆ ತಂದು, ಈಗ ತಾನೇ ಎಳೆದು ತಂದ ದಾರದಿಂದ ಆದ ಕುಣಿಕೆಯೊಳಗಿಂದ ಮೇಲಕ್ಕೆ ತೆಗೀರಿ. ಅದೇ ಗಂಟು. ಮೆಲ್ಲಗೆ ರಿಂಗಿನ ಮಧ್ಯಕ್ಕೆ ಎಳೆದಾಗ ನೆಟ್ಟಗಿದ್ದ ದಾರ ಒಳಗೆ ಬಾಗಿ ಮೂಲೆ ಆಗುತ್ತೆ. ಆ ಮೂಲೆ ಬಂತಾ ಅಂದ್ರೆ ಸರಿಯಾಗಿ ಹಾಕಿದೀರ.

ಮುಂದಿನ ಕಿಟಕಿ, ಮುಂದಿನ ಮಧ್ಯ, ಗಂಟು, ಎಳೆತ. ಲೆಕ್ಕ ಇಟ್ಕೊಳ್ಳೋದೇ ಬೇಡ, ಸುರುಳಿ ತಾನಾಗೇ ಒಳಗೆ ಒಳಗೆ ಹೋಗ್ತಿರುತ್ತೆ. ಒಳಗೆ ಹೋದಷ್ಟೂ ಬಿಗಿ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಪ್ರತಿ ಸುತ್ತು ಮುಗಿದಾಗ ರಿಂಗನ್ನ ಬೆಳಕಿಗೆ ಎತ್ತಿ ಹಿಡಿದು ನೋಡಿ, ಎಲ್ಲಾದ್ರೂ ಒಂದು ತೂತು ಪಕ್ಕದ್ದಕ್ಕಿಂತ ಎರಡು ಪಟ್ಟು ದೊಡ್ಡದಿದ್ರೆ ಅಲ್ಲಿ ಒಂದು ಕಿಟಕಿ ಬಿಟ್ಟು ಹಾರಿದೀರ ಅಂತ ಅರ್ಥ, ಬೇಜಾರು ಮಾಡ್ಕೊಳ್ದೆ ಅಲ್ಲಿವರೆಗೆ ಬಿಚ್ಚಿ. ಮುಂದೆ ಸರಿಹೋಗುತ್ತೆ ಅಂತ ಬಿಟ್ರೆ ಸರಿಹೋಗಲ್ಲ, ಸುತ್ತು ಸುತ್ತಿಗೂ ಅದೇ ಸೊಟ್ಟ ಇಳ್ಕೊಂಡು ಬರುತ್ತೆ. ಮೇಣದ ದಾರ ಆದ್ರಿಂದ ಬಿಚ್ಚೋದು ಕಷ್ಟ ಅನ್ಸುತ್ತೆ, ಒಂದು ಪಿನ್ನಿಂದ ಗಂಟನ್ನ ಹಿಗ್ಗಿಸಿದ್ರೆ ಬರುತ್ತೆ.

ನಡುವೆ ದಾರ ಮುಗಿದುಹೋದ್ರೆ ಕಿಟಕಿ ಮಧ್ಯೆ ಗಂಟು ಹಾಕ್ಬೇಡಿ, ಕಣ್ಣಿಗೆ ಹೊಡೆಯುತ್ತೆ. ಹಳೇ ದಾರನ ಒಂದು ಗಂಟಿನ ಮೇಲೇ ನಿಲ್ಲಿಸಿ ಹೊಸ ದಾರ ಅಲ್ಲಿಂದಲೇ ಕಟ್ಟಿ ಶುರು ಮಾಡಿ, ಗಂಟಿನ ಮೇಲೆ ಗಂಟು ಗೊತ್ತಾಗಲ್ಲ.

ಐದಾರು ಸುತ್ತಾದ ಮೇಲೆ ಒಂದು ಸಣ್ಣ ಮಣಿ ದಾರಕ್ಕೆ ಪೋಣಿಸಿ ಗಂಟು ಹಾಕಿ, ಒಂದೇ ಒಂದು. ಅದನ್ನ ಬಲೇಲಿ ಕೂತಿರೋ ಜೇಡ ಅಂತಾರೆ. ತುಂಬಾ ಜನ ಹತ್ತು ಹದಿನೈದು ಮಣಿ ಹಾಕ್ತಾರೆ, ನನಗೇನೋ ಒಂದೇ ಇದ್ರೆ ಚೆಂದ ಅನ್ಸುತ್ತೆ, ಮತ್ತೆ ಮಣಿ ಜಾಸ್ತಿ ಆದ್ರೆ ಭಾರಕ್ಕೆ ಬಲೆ ಕೆಳಗೆ ಜಗ್ಗುತ್ತೆ. ಅಕ್ಕನ ಮಗಳಿಗೆ ಕಟ್ಟೋವಾಗ ಅವಳು ಮಗುವಿದ್ದಾಗ ಹಾಕಿದ್ದ ಕಪ್ಪು ಮಣಿ ಸರ ಕಿತ್ತು ಹೋಗಿದ್ದು ಡಬ್ಬೀಲಿತ್ತು, ಅದರಿಂದ ಒಂದು ಮಣಿ ತೆಗೆದು ಹಾಕಿದೆ. ಇವತ್ತಿಗೂ ಮಲಗೋಕೆ ಮುಂಚೆ "ಚಿಕ್ಕಮ್ಮ, ನನ್ನ ಮಣಿ ಅಲ್ಲೇ ಇದೆ" ಅಂತ ಮುಟ್ಟಿ ತೋರಿಸ್ತಾಳೆ.

ಎಂಟರಿಂದ ಹತ್ತು ಸುತ್ತಿಗೆ ನಡುವೆ ಒಂದು ರೂಪಾಯಿ ನಾಣ್ಯದಷ್ಟು ತೂತು ಉಳಿಯುತ್ತೆ. ಅಲ್ಲಿಗೆ ನಿಲ್ಲಿಸಿ. ಕೊನೇ ಸುತ್ತಿನ ಎಂಟೂ ಕಿಟಕಿಯೊಳಗಿಂದ ದಾರನ ಒಂದು ಸಲ ಪೋಣಿಸಿ ಎಳೆದ್ರೆ ಕಣ್ಣು ಗುಂಡಗೆ ಆಗುತ್ತೆ, ಆಮೇಲೆ ಒಂದೇ ಜಾಗದಲ್ಲಿ ಎರಡು ಗಂಟು ಬಿಗಿದು ಅದರ ಮೇಲೆ ಫೆವಿಕಾಲ್ ಒಂದು ಹನಿ. ಒಣಗಿದ್ಮೇಲೆ ಉಳಿದ ದಾರ ಕತ್ತರಿಸಿ. ನೈಲಾನ್ ದಾರ ಆಗಿದ್ರೆ ಹಚ್ಚಿದ ಊದುಬತ್ತಿ ತುದಿ ಮುಟ್ಟಿಸಿದ್ರೆ ಕರಗಿ ಗಂಟಾಗುತ್ತೆ, ಪಕ್ಕದ ಎಳೆಗೆ ತಾಗದ ಹಾಗೆ ಎಚ್ಚರ, ಮತ್ತೆ ಮಕ್ಕಳ ಕೈಗೆ ಇದನ್ನ ಕೊಡಬೇಡಿ. ಕಾಟನ್ ದಾರಕ್ಕೆ ಊದುಬತ್ತಿ ಬೇಡ, ಸುಟ್ಟೇ ಹೋಗುತ್ತೆ.

ಗರಿ

ಅಂಗಡೀಲಿ ಬಣ್ಣ ಹಾಕಿದ ಗರಿ ಪ್ಯಾಕೆಟ್ಟಲ್ಲಿ ಸಿಗುತ್ತೆ, ಬಹುತೇಕ ಕೋಳಿದು. ನಾಟಿ ಕೋಳಿ ಸಾಕಿರೋರ ಮನೆ ಅಂಗಳದಲ್ಲಿ ಬಿದ್ದಿರೋ ಗರಿ ಅದಕ್ಕಿಂತ ಎಷ್ಟೋ ಚೆಂದ, ಹುಂಜದ ಕತ್ತಿನ ಗರಿ ಬಿಸಿಲಿಗೆ ಹಿಡಿದು ನೋಡಿ, ತಾಮ್ರದ ಬಣ್ಣ, ತುದೀಲಿ ಹಸಿರು ಮಿಂಚು. ಬಿದ್ದ ಗರಿ ತಂದ್ರೆ ಮೊದಲು ಜಿಪ್ ಕವರಲ್ಲಿ ಹಾಕಿ ಎರಡು ದಿನ ಫ್ರೀಜರಲ್ಲಿಡಿ, ಹೇನು ನುಸಿ ಏನಿದ್ರೂ ಸಾಯುತ್ತೆ, ಆಮೇಲೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಶಾಂಪೂ ಹಾಕಿ ತೊಳೆದು ನೆರಳಲ್ಲಿ ಒಣಗಿಸಿ. ಒದ್ದೆ ಗರಿ ನೋಡಿದ್ರೆ ಕೆಟ್ಟೋಯ್ತು ಅನ್ಸುತ್ತೆ, ಒಣಗಿದ್ಮೇಲೆ ಬೆರಳಲ್ಲಿ ಬುಡದಿಂದ ತುದಿಗೆ ಸವರಿದ್ರೆ ಮತ್ತೆ ಮೊದಲಿನ ಹಾಗೇ ಆಗುತ್ತೆ.

ಒಂದು ಮೊಳ ಲೇಸು ಅಥವಾ ದಾರ ತಗೊಂಡು ಅರ್ಧಕ್ಕೆ ಮಡಚಿ, ಮಡಚಿದ ತುದೀನ ರಿಂಗಿನ ಹಿಂದಿಂದ ತಂದು ಎರಡೂ ಎಳೇನ ಅದರೊಳಗಿಂದ ತೂರಿಸಿ ಎಳೀರಿ, ಜೋಡಿ ಬಾಲ ರೆಡಿ. ಕೆಳಗೆ ಸರಿಯಾಗಿ ಮಧ್ಯಕ್ಕೆ ಒಂದು, ಅದರ ಎರಡು ಕಡೆ ನಾಲ್ಕು ಬೆರಳು ಬಿಟ್ಟು ಒಂದೊಂದು. ಮಧ್ಯದ್ದು ಉದ್ದ, ಪಕ್ಕದ್ದು ಸ್ವಲ್ಪ ಗಿಡ್ಡ. ಮಣಿ ಒಂದೆರಡು ಪೋಣಿಸಿ ಕೆಳಗೆ ಗಂಟು ಹಾಕಿ ನಿಲ್ಲಿಸಿ, ಆಮೇಲೆ ಗರಿಯ ಬುಡಕ್ಕೆ ಫೆವಿಕಾಲ್ ಹಚ್ಚಿ ಮಣಿಯ ತೂತಿನೊಳಗೆ ದಾರದ ಪಕ್ಕಕ್ಕೇ ತೂರಿಸಿ. ಗರಿ ಬುಡ ದಪ್ಪ ಇದ್ದು ಹೋಗ್ತಿಲ್ಲ ಅಂದ್ರೆ ಓರೆಯಾಗಿ ಕತ್ತರಿಸಿ. ರಾತ್ರಿ ಪೂರ್ತಿ ಒಣಗೋಕೆ ಮಲಗಿಸಿಡಿ, ಆಗಲೇ ನೇತು ಹಾಕಿದ್ರೆ ಗರಿ ಜಾರಿ ಬೀಳುತ್ತೆ. ಮೂರೂ ಗರಿಯ ಬಾಗು ಒಂದೇ ದಿಕ್ಕಿಗೆ ಇರೋ ಹಾಗೆ ನೋಡ್ಕೊಂಡ್ರೆ ಗಾಳಿ ಬಂದಾಗ ಒಟ್ಟಿಗೆ ತಿರುಗುತ್ತೆ.

ನವಿಲುಗರಿ ಬಗ್ಗೆ ಒಂದು ಮಾತು. ತಾನಾಗೇ ಉದುರಿದ ಗರಿ ಮನೇಲಿಟ್ಕೊಳ್ಳೋಕೆ ನಮ್ಮ ದೇಶದಲ್ಲಿ ತೊಂದರೆ ಇಲ್ಲ, ಆದ್ರೆ ದೇಶದಿಂದ ಹೊರಗೆ ಕಳಿಸೋದಕ್ಕೆ ನಿಷೇಧ ಇದೆ, ಅಮೆರಿಕದಲ್ಲಿರೋ ಮಗಳಿಗೆ ನವಿಲುಗರಿ ಹಾಕಿ ಡ್ರೀಮ್ ಕ್ಯಾಚರ್ ಪಾರ್ಸೆಲ್ ಮಾಡ್ತೀನಿ ಅಂತ ಹೋಗ್ಬೇಡಿ. ಅಲ್ಲಿರೋ ಕನ್ನಡದವರೂ ಪಾರ್ಕಲ್ಲಿ ಬಿದ್ದಿರೋ ಗರಿ ಆರಿಸ್ಕೊಂಡು ಬರೋಕೆ ಮುಂಚೆ ಯೋಚ್ನೆ ಮಾಡಿ, 1918ರ ವಲಸೆ ಹಕ್ಕಿಗಳ ಕಾಯ್ದೆ ಪ್ರಕಾರ ಅಲ್ಲಿನ ಹೆಚ್ಚಿನ ಕಾಡುಹಕ್ಕಿಗಳ ಗರಿ, ಕಾಗೆದು ಸೇರಿ, ನೆಲದ ಮೇಲೆ ಬಿದ್ದಿದ್ರೂ ಇಟ್ಕೊಳ್ಳೋ ಹಾಗಿಲ್ಲ. ಹದ್ದಿನ ಗರಿಗಂತೂ ಬೇರೆ ಕಾನೂನೇ ಇದೆ. ಕೋಳಿ, ಟರ್ಕಿ ಕೋಳಿ ಗರಿ ಕೊಂಡು ಬಳಸಿ, ಯಾವ ತಲೆನೋವೂ ಇಲ್ಲ.

ಎಲ್ಲಿ ತೂಗು ಹಾಕ್ಬೇಕು

ಮಲಗೋ ಜಾಗದ ಹತ್ರ, ಬೆಳಗ್ಗೆ ಸ್ವಲ್ಪ ಬೆಳಕು ಬೀಳೋ ಕಡೆ. ನೇರ ಬಿಸಿಲು ದಿನಾ ಪೂರ್ತಿ ಬೀಳೋ ಕಿಟಕಿ ಬೇಡ, ಒಂದು ವರ್ಷದಲ್ಲಿ ಬಣ್ಣ ಹೋಗುತ್ತೆ. ಕಾರಿನ ಕನ್ನಡಿಗೆ ದಯವಿಟ್ಟು ಹಾಕ್ಬೇಡಿ, ಡ್ರೈವರ್ ಕಣ್ಣಿಗೆ ರಸ್ತೆ ಮರೆ ಆಗುತ್ತೆ.

ತೊಟ್ಟಿಲ ಹತ್ರ ಹಾಕೋದಾದ್ರೆ ಇದನ್ನ ಖಂಡಿತ ಪಾಲಿಸಿ: ಮಗು ಎದ್ದು ನಿಂತು ಕೈ ಚಾಚಿದ್ರೂ ಸಿಗದಷ್ಟು ದೂರ, ತೊಟ್ಟಿಲಿಗಲ್ಲ, ಗೋಡೆಗೋ ಮೇಲಿನ ಕೊಕ್ಕೆಗೋ. ಮಣಿ ಬಾಯಿಗೆ ಹೋದ್ರೆ, ದಾರ ಕತ್ತಿಗೆ ಸಿಕ್ಕಿದ್ರೆ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ನಾನು ಮಣಿ, ಗರಿ ಎರಡೂ ಇಲ್ಲದೆ, ಬರೀ ರಿಂಗು ಮತ್ತೆ ಬಲೆ ಮಾಡಿಕೊಡ್ತೀನಿ. ಡೆನ್ಸ್‌ಮೋರ್ ವರ್ಣಿಸಿರೋದೂ ಹೆಚ್ಚುಕಮ್ಮಿ ಅಷ್ಟೇ, ರಿಂಗು ಮತ್ತೆ ಕೆಂಪು ದಾರದ ಬಲೆ. ಕೆಂಪು ದಾರದಲ್ಲಿ ಒಂದು ಮಾಡಿ ನೋಡಿ, ಬಿಳಿ ಗೋಡೆ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತೆ ಅಂದ್ರೆ ಗರಿ ಯಾಕೆ ಬೇಕು ಅನ್ಸುತ್ತೆ.

ಮಾರೋ ಯೋಚನೆ ಇರೋರಿಗೆ

ಕೈ ಪಳಗಿದ್ಮೇಲೆ ನಾಲ್ಕು ಜನ ನಮಗೂ ಮಾಡಿಕೊಡಿ ಅಂತಾರೆ, ದುಡ್ಡು ತಗೊಳ್ಳಿ, ಎರಡು ಗಂಟೆ ಕೂತು ಮಾಡೋ ಕೆಲಸ. ಆದ್ರೆ ಹೆಸರು ಮಾತ್ರ ಸರಿಯಾಗಿ ಹೇಳಿ. "ಅಸಲಿ ಬುಡಕಟ್ಟಿನ ಡ್ರೀಮ್ ಕ್ಯಾಚರ್" "ನೇಟಿವ್ ಅಮೆರಿಕನ್" ಅಂತೆಲ್ಲ ಬೋರ್ಡ್ ಹಾಕ್ಬೇಡಿ, ನಾವು ಕಟ್ಟಿದ್ದು ಅವರು ಕಟ್ಟಿದ್ದಲ್ಲ. ಅಮೆರಿಕದಲ್ಲಿ ಇದಕ್ಕೆ 1990ರಲ್ಲಿ ಕಾನೂನೇ ಮಾಡಿದಾರೆ, ಮೂಲನಿವಾಸಿಗಳು ಮಾಡದೇ ಇರೋದನ್ನ ಅವರು ಮಾಡಿದ್ದು ಅಂತ ಹೇಳಿ ಮಾರೋದು ಅಪರಾಧ, ಅಲ್ಲಿ ಹಬ್ಬದ ಮೇಳದಲ್ಲಿ ಸ್ಟಾಲ್ ಹಾಕೋ ನಮ್ಮವರಿಗೆ ಇದು ಗೊತ್ತಿರ್ಲಿ. ನಮ್ಮ ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ ಹೆಸರಲ್ಲಿ ಎಲ್ಲೋ ಮೆಷಿನ್ನಲ್ಲಿ ಮಾಡಿದ್ದು ಮಾರಿದ್ರೆ ನಮಗೆ ಹೊಟ್ಟೆ ಉರಿಯಲ್ವಾ, ಹಾಗೇ ಅವರಿಗೂ. ನಾನು ಕೊಡೋವಾಗ ಒಂದು ಚೀಟಿ ಕಟ್ಟಿರ್ತೀನಿ, ಇದು ಒಜಿಬ್ವೆ ಜನರಿಂದ ಬಂದ ಕಲೆ, ಕಟ್ಟಿದ್ದು ನಾನು ಅಂತ, ಎರಡೇ ಸಾಲು.

ನೋಡ್ಕೊಳ್ಳೋದು ಏನೂ ಕಷ್ಟ ಇಲ್ಲ. ಧೂಳು ಕೂತ್ರೆ ಒಣಗಿದ ಪೇಂಟಿಂಗ್ ಬ್ರಷ್ಷಲ್ಲಿ ಬಲೇನ ಮಧ್ಯದಿಂದ ಹೊರಕ್ಕೆ ಸವರಿ, ಗರೀನ ಮೇಲಿಂದ ಕೆಳಕ್ಕೆ. ಮಳೆಗಾಲದಲ್ಲಿ, ಮಲೆನಾಡು ಕರಾವಳಿ ಕಡೆಯೋರು ಮುಖ್ಯವಾಗಿ, ಒದ್ದೆ ಗೋಡೆಗೆ ಒತ್ತಿಕೊಂಡಿರೋ ಹಾಗೆ ಬಿಡಬೇಡಿ, ಗರಿ ಬುಡದಲ್ಲಿ ಬೂಷ್ಟು ಬರುತ್ತೆ, ಒಂದು ಪೇಪರ್ ಕವರಲ್ಲಿ ಎರಡು ಲವಂಗ ಹಾಕಿ ಎತ್ತಿಡಿ, ಬಿಸಿಲು ಬಂದ್ಮೇಲೆ ತೆಗೀರಿ. ಎರಡ್ಮೂರು ವರ್ಷಕ್ಕೆ ಬಲೆ ಸಡಿಲ ಆದ್ರೆ ನಡುವಿನ ಗಂಟು ಕತ್ತರಿಸಿ ಬಲೆ ಪೂರ್ತಿ ಬಿಚ್ಚಿಬಿಡಿ, ರಿಂಗು ಹಾಗೇ ಇರ್ಲಿ, ಮಣಿ ಎತ್ತಿಟ್ಕೊಳ್ಳಿ, ಎರಡು ಮಾರು ಹೊಸ ದಾರ ತಂದು ಒಂದನೇ ಗುರುತಿಂದ ಮತ್ತೆ ಶುರು ಮಾಡಿ.